ವಕಂಠ ಮೇಷ್ಟ್ರು

ಹೋದ ವಾರ ನಮ್ಮ ಕಾರ್ಖಾನೆಯ ಹೊಸ ಕಟ್ಟಡದಲ್ಲಿ, ಹೆಂಗಸರ ಶೌಚಾಲಯದ ಬಾಗಿಲ ಮುಂದೆ ನಿಂತುಕೊಂಡು ನಾನೊಬ್ಬಳೇ ನಕ್ಕುಬಿಟ್ಟೆ. ಹೊಸ ಬಾಗಿಲು, ಹೊಸ ಚಿಲಕ. ಚಿಲಕದ ಮೇಲೆ ಹೆಬ್ಬೆರಳಿನಷ್ಟಗಲದ ಒಂದು ಕಿಂಡಿ. ಒಳಗಿನಿಂದ ಚಿಲಕ ಹಾಕಿದರೆ ಆ ಕಿಂಡಿ ಕೆಂಪಾಗುತ್ತದೆ, ತೆಗೆದರೆ ಹಸಿರಾಗುತ್ತದೆ. ಹಸಿರಿನ ಮೇಲೆ ಇಂಗ್ಲಿಷಿನಲ್ಲಿ ‘ವೇಕೆಂಟ್’ ಎಂದು ಬರೆದಿತ್ತು. ಅದನ್ನು ಓದಿದ್ದೇ ತಡ, ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ಹಿಂದೆ ನಿಂತಿದ್ದ ಹುಡುಗಿ, ನಮ್ಮ ಶಿಫ್ಟಿಗೆ ಹೊಸದಾಗಿ ಸೇರಿದವಳು, ಏನಕ್ಕ ಆಯಿತು ಎಂದು ಗಾಬರಿಯಿಂದ ಕೇಳಿದಳು. ನಮ್ಮ ಮೇಷ್ಟ್ರ ಹೆಸರನ್ನು ತಂದು ಇಲ್ಲಿ ಬರೆದಿದ್ದಾರೆ ಎಂದರೆ ಅವಳಿಗೆ ಏನು ಅರ್ಥವಾಗಬೇಕು? ಏನಿಲ್ಲ ಕಣೇ ಎಂದು ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಒಳಗೂ ನಗುತ್ತಲೇ ಇದ್ದೆ...

ನಮ್ಮೂರು ತಮಿಳುನಾಡಿಗೆ ಸೇರಿದ ಅಂಚೆಟ್ಟಿಯಿಂದ ಇನ್ನೂ ಮುಂದೆ, ಗುಡ್ಡದ ಮಗ್ಗುಲಲ್ಲಿದೆ. ಬೆಳಿಗ್ಗೆ ಒಂದು ಬಸ್ಸು ಬರುತ್ತಿತ್ತು, ಸಂಜೆ ಒಂದು. ಆನೆ ರಸ್ತೆಗೆ ಬಂದಿದ್ದರೆ ಅದೂ ಇಲ್ಲ. ರಾಗಿ, ಹುರುಳಿ, ಅವರೆ ಬೆಳೆಯುವ ಊರು; ಮನೆಗೊಂದು ಆಡಿನ ಹಿಂಡು. ಊರ ಕೊನೆಯಲ್ಲಿ ಎಂಟನೇ ಕ್ಲಾಸಿನವರೆಗೆ ಒಂದು ಶಾಲೆ. ಅದರಲ್ಲಿ ತಮಿಳಿನ ಮಕ್ಕಳು ಒಂದು ಕಡೆ, ಕನ್ನಡದ ಮಕ್ಕಳು ಇನ್ನೊಂದು ಕಡೆ. ತಮಿಳಿನವರಿಗೆ ಟೀಚರ್ ಇದ್ದರು. ಅವರೇ ಹೆಡ್ ಟೀಚರ್ ಕೂಡ. ಧರ್ಮಪುರಿ ಕಡೆಯವರು, ಒಳ್ಳೆಯ ಹೆಂಗಸು, ಆದರೆ ಕನ್ನಡ ಅಷ್ಟಾಗಿ ಬಾರದು. ಕನ್ನಡದ ನಮಗೆ ಯಾರೂ ಇರಲಿಲ್ಲ. ದೊಡ್ಡ ಹುಡುಗಿಯರು ಚಿಕ್ಕವರಿಗೆ ಪಾಠ ಓದಿ ಹೇಳುವುದು, ಆಮೇಲೆ ಎಲ್ಲರೂ ಸೇರಿ ಹುಣಸೆಮರದ ಕೆಳಗೆ ಆಡುವುದು. ನಮ್ಮ ಓದು ಹಾಗೆ ನಡೆಯುತ್ತಿತ್ತು.

ಹೆಡ್ ಟೀಚರ್ ಕೋಣೆಯ ಗೋಡೆಯ ಮೇಲೆ ನೀಲಿ ಬಣ್ಣದ ಒಂದು ಹಲಗೆ ಇತ್ತು. ಶಾಲೆಯಲ್ಲಿ ಯಾರು ಯಾರು ಟೀಚರುಗಳು ಎಂದು ಅದರಲ್ಲಿ ಬಿಳಿ ಬಣ್ಣದಲ್ಲಿ ಬರೆದಿತ್ತು. ಮೊದಲ ಸಾಲಿನಲ್ಲಿ ಹೆಡ್ ಟೀಚರ್ ಹೆಸರು. ಅದರ ಕೆಳಗೆ, ಕನ್ನಡದ ಉಪಾಧ್ಯಾಯರು ಎಂಬ ಜಾಗದ ಎದುರಿಗೆ, ಇಂಗ್ಲಿಷಿನಲ್ಲಿ ಒಂದು ಹೆಸರು. ನಾನು, ಪಕ್ಕದ ಮನೆಯ ಮಾದೇವಿ ಆಗಷ್ಟೇ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತಿದ್ದೆವು. ಒಂದು ದಿನ ಸೀಮೆಸುಣ್ಣ ತರಲು ಕೋಣೆಗೆ ಹೋದಾಗ ಮಾದೇವಿ ಆ ಹೆಸರನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದಿದಳು. ವ, ಕಂ, ಟ. ವಕಂಟ. ನೀಲಕಂಠ ಇಲ್ಲವಾ, ಶ್ರೀಕಂಠ ಇಲ್ಲವಾ, ಹಾಗೆ ಇದು ವಕಂಠ ಎಂದು ಅವಳೇ ತೀರ್ಮಾನ ಮಾಡಿದಳು. ಮನೆಗೆ ಬಂದು ಅಜ್ಜಿಯನ್ನು ಕೇಳಿದೆ. ಮಾದಪ್ಪನಿಗೆ ಇರುವ ಹೆಸರುಗಳಲ್ಲಿ ಇದೂ ಒಂದು ಇರಬೇಕು, ನಮಗೇನು ಎಲ್ಲಾ ಗೊತ್ತಾ ಎಂದು ಅಜ್ಜಿ ಕೈಮುಗಿದೇಬಿಟ್ಟಳು.

ಹಾಗಾಗಿ ನಮಗೂ ಒಬ್ಬ ಮೇಷ್ಟ್ರು ಇದ್ದಾರೆ, ಅವರ ಹೆಸರು ವಕಂಠ, ಯಾಕೋ ಬರುತ್ತಿಲ್ಲ ಅಷ್ಟೇ ಎಂದು ಶಾಲೆಯಲ್ಲೆಲ್ಲ ಗೊತ್ತಾಯಿತು. ಹೆಡ್ ಟೀಚರನ್ನೇ ಕೇಳಿಬಿಟ್ಟೆವು, ವಕಂಠ ಸಾರ್ ಯಾವಾಗ ಬರುತ್ತಾರೆ ಎಂದು. ಮಕ್ಕಳು ಇಂಗ್ಲಿಷ್ ಮಾತನ್ನು ತಪ್ಪಾಗಿ ಹೇಳುತ್ತಿದ್ದಾರೆ ಎಂದುಕೊಂಡು ಅವರು, ವರುವಾರ್, ವರುವಾರ್, ಬರುತ್ತಾರೆ ಎಂದು ತಲೆ ಸವರಿ ಕಳಿಸಿದರು. ಅಲ್ಲಿಂದ ನಮ್ಮ ಕಲ್ಪನೆಗೆ ತಡೆಯೇ ಇಲ್ಲದಾಯಿತು. ವಕಂಠ ಮೇಷ್ಟ್ರು ತುಂಬಾ ಎತ್ತರ, ಮೀಸೆ ಇದೆ, ಆನೆಗೆ ಹೆದರಿ ಲೀವು ಹಾಕಿದ್ದಾರೆ ಎಂದು ಒಬ್ಬರು. ಇಲ್ಲ, ಅವರಿಗೆ ಮದುವೆ ಗೊತ್ತಾಗಿದೆ ಎಂದು ಇನ್ನೊಬ್ಬರು. ಮಾದೇವಿಯಂತೂ ದೇಂಕಣಿಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಣ್ಣಾರೆ ನೋಡಿದ್ದಾಗಿ, ಅವರು ಬಾಳೆಹಣ್ಣು ತಿನ್ನುತ್ತಿದ್ದುದಾಗಿ ಆಣೆ ಇಟ್ಟು ಹೇಳಿದಳು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅವರು ಬಂದರು.

ಬೆಳಗಿನ ಬಸ್ಸಿನಿಂದ ಇಳಿದವರು ಎತ್ತರವೂ ಇರಲಿಲ್ಲ, ಮೀಸೆಯೂ ಇರಲಿಲ್ಲ. ಕುಳ್ಳಗೆ, ದುಂಡಗೆ, ಕಿವಿಯ ಮೇಲೆ ನರೆತ ಕೂದಲು. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಕಪ್ಪು ಕೊಡೆ. ಏರು ಹತ್ತಿ ಬಂದದ್ದಕ್ಕೆ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ನಾನು ಇಲ್ಲಿ ಕನ್ನಡದ ಮೇಷ್ಟ್ರು ಎಂದು ಅವರು ಹೇಳಿದ್ದೇ ತಡ, ನಾವೆಲ್ಲ ಎದ್ದು ನಿಂತು ಒಂದೇ ಕೊರಳಲ್ಲಿ, “ನಮಸ್ತೆ ವಕಂಠ ಸಾರ್” ಎಂದೆವು.

ಅವರು ಟ್ರಂಕನ್ನು ಕೆಳಗಿಟ್ಟರು. ಯಾರು ಎಂದು ಕೇಳಿದರು. ನೀವೇ ಸಾರ್, ಬೋರ್ಡಿನಲ್ಲಿ ಬರೆದಿದೆಯಲ್ಲ ಎಂದು ಮಾದೇವಿ ಅವರ ಕೈಹಿಡಿದು ಕೋಣೆಗೆ ಕರೆದುಕೊಂಡು ಹೋದಳು. ನಾವೆಲ್ಲ ಹಿಂದೆ. ಅವರು ಬೋರ್ಡನ್ನು ಓದಿದರು. ಆಮೇಲೆ ಅವರ ಹೊಟ್ಟೆ ಕುಲುಕಲು ಶುರುವಾಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು, ಟವಲ್ಲಿನಿಂದ ಕಣ್ಣು ಒರೆಸಿಕೊಂಡು, ಮತ್ತೆ ನಕ್ಕು, ಮತ್ತೆ ಒರೆಸಿಕೊಂಡರು. ಯಾಕೆಂದು ತಿಳಿಯದಿದ್ದರೂ ನಾವೂ ನಕ್ಕೆವು. ಮೇಷ್ಟ್ರೊಬ್ಬರು ಹಾಗೆ ನಗುವುದನ್ನು ನಾವು ಅದುವರೆಗೆ ನೋಡಿರಲಿಲ್ಲ.

“ಹೂಂ ಕಣ್ರಪ್ಪಾ, ನಾನೇ ವಕಂಠ. ಬರಾದು ಒಸಿ ತಡ ಆಗೋಯ್ತು” ಎಂದರು ಕೊನೆಗೆ.

ಹೊಸೂರಿನ ಹತ್ತಿರದ ಬಾಗಲೂರು ಕಡೆಯವರು ಅವರು. ಹೆಂಡತಿ, ಮಗಳು ಅಲ್ಲೇ ಇದ್ದರು. ಬಸ್ಸು ನಂಬಿ ಓಡಾಡುವ ಹಾಗಿರಲಿಲ್ಲವಾದ್ದರಿಂದ ನಮ್ಮೂರಲ್ಲೇ ಒಂದು ಕೋಣೆ ಹಿಡಿದರು. ಅಡುಗೆ ಬರುತ್ತಿರಲಿಲ್ಲ. ಮುದ್ದೆ ತಿರುವಲು ಹೋಗಿ ಕೈ ಸುಟ್ಟುಕೊಂಡ ಮೇಲೆ ಊರಿನವರು ಸರದಿಯ ಮೇಲೆ ಊಟ ಕೊಡತೊಡಗಿದರು. ಆನೆ ಎಂದರೆ ನಿಜಕ್ಕೂ ಹೆದರಿಕೆ. ಮಲಗುವಾಗ ತಲೆದಿಂಬಿನ ಪಕ್ಕ ಒಂದು ಸ್ಟೀಲ್ ತಟ್ಟೆ, ಸೌಟು ಇಟ್ಟುಕೊಳ್ಳುತ್ತಿದ್ದರು, ಬಡಿದು ಸದ್ದು ಮಾಡಲಿಕ್ಕೆ. ಆದರೆ ಮಲಗಿದರೆ ಅವರ ಗೊರಕೆಯೇ ಬೀದಿಯ ಕೊನೆಯವರೆಗೆ ಕೇಳಿಸುತ್ತಿತ್ತು. ತಟ್ಟೆಯ ಅಗತ್ಯ ಏನಿದೆ ಮೇಷ್ಟ್ರೇ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು.

ಆ ಪದದ ಅರ್ಥವನ್ನು ಅವರು ನಮಗೆ ಹೇಳಿದ್ದು ಕೆಲವು ದಿನ ಕಳೆದ ಮೇಲೆ, ಇಂಗ್ಲಿಷ್ ಪಾಠದಲ್ಲಿ. ಅದನ್ನು ವಕಂಠ ಎನ್ನಬಾರದು, ವೇಕೆಂಟ್ ಎನ್ನಬೇಕು, ಅದು ಯಾರ ಹೆಸರೂ ಅಲ್ಲ ಎಂದರು. ನಮ್ಮ ಕನ್ನಡದಲ್ಲಿ ಎಲ್ಲದಕ್ಕೂ ಖಾಲಿ ಎಂದುಬಿಡುತ್ತೇವೆ. ಕೊಡ ಖಾಲಿ, ಜೇಬು ಖಾಲಿ, ಮನೆ ಖಾಲಿ. ಇಂಗ್ಲಿಷಿನವರು ಹಾಗಲ್ಲ. ಕೊಡದಲ್ಲಿ ನೀರಿಲ್ಲದಿದ್ದರೆ ಅದು ಎಂಪ್ಟಿ. ಕುರ್ಚಿಯ ಮೇಲೆ ಯಾರೂ ಕೂತಿಲ್ಲದಿದ್ದರೆ ವೇಕೆಂಟ್. ಬಾಡಿಗೆ ಮನೆಯಲ್ಲಿ ಯಾರೂ ಇಲ್ಲದಿದ್ದರೆ ವೇಕೆಂಟ್. ಬಸ್ಸಿನಲ್ಲಿ ಸೀಟಿದ್ದರೆ ವೇಕೆಂಟ್.

“ಯಾರಾನ ಬಂದು ಕೂತ್ಕಬೇಕು ಅಂತ ಇರೋ ಜಾಗ ಐತಲ್ಲ, ಅದು ವೇಕೆಂಟು” ಎಂದರು. “ಕೊಡ ಯಾರ್ಗೂ ಕಾಯಲ್ಲ. ಕುರ್ಚಿ ಕಾಯ್ತದೆ.”

ಮುಖಕ್ಕೂ ಆ ಪದ ಹೇಳುತ್ತಾರಂತೆ. ಕಣ್ಣು ಬಿಟ್ಟಿರುತ್ತದೆ, ಒಳಗೆ ಯಾರೂ ಇರುವುದಿಲ್ಲ, ಭಾಗಾಕಾರ ಮಾಡುವಾಗ ಮಾದೇವಿಯ ಮುಖ ನೋಡಿ ಎಂದರು. ಮಾದೇವಿ ಆ ಕ್ಷಣವೇ ಅಂಥದೊಂದು ಮುಖ ಮಾಡಿ ತೋರಿಸಿದಳು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಗುತ್ತಿರುವಾಗ ಒಂದನೇ ಕ್ಲಾಸಿನ ಪುಟ್ಟ ಹುಡುಗಿಯೊಬ್ಬಳು ಬಿಕ್ಕಿ ಬಿಕ್ಕಿ ಅಳಲು ಶುರುಮಾಡಿದಳು. ಹಾಗಾದರೆ ವಕಂಠ ಸಾರ್ ಬರುವುದೇ ಇಲ್ಲವಾ ಎಂಬುದು ಅವಳ ದುಃಖ. ಮೇಷ್ಟ್ರ ನಗು ನಿಂತುಹೋಯಿತು. ಅವಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಬಂದಿದ್ದಾರೆ, ನೋಡು, ನಾನೇ ಅಲ್ಲವಾ ಎಂದು ಸಮಾಧಾನ ಮಾಡಿದರು. ಅದಾದ ಮೇಲೆ ಆ ಹೆಸರನ್ನು ಬಿಡಿಸುವ ಪ್ರಯತ್ನವನ್ನೇ ಅವರು ಮಾಡಲಿಲ್ಲ. ಊರಿಗೆಲ್ಲ ಅವರು ವಕಂಠ ಮೇಷ್ಟ್ರು. ಬಸ್ ಕಂಡಕ್ಟರಿಗೂ ವಕಂಠ ಮೇಷ್ಟ್ರು. ಇವತ್ತು ಬರೆಯುವಾಗಲೂ ನನಗೆ ಬೇರೆ ಹೆಸರು ಕೈಗೆ ಬರುತ್ತಿಲ್ಲ.

ನಾವಂತೂ ಹೊಸ ಪದವನ್ನು ಊರ ತುಂಬ ಓಡಾಡಿಸಿದೆವು. ಆಡು ಮೇಯಲು ಹೋದಾಗ ಕೊಟ್ಟಿಗೆ ವೇಕೆಂಟ್. ಕೋಳಿ ಕಾವಿನಿಂದ ಎದ್ದು ಹೋದರೆ ಬುಟ್ಟಿ ವೇಕೆಂಟ್. ನನ್ನ ಅಜ್ಜಿ ಬಾಯಿ ತೆರೆದು ನಕ್ಕಾಗ, ಅಜ್ಜಿ ಬಾಯಲ್ಲಿ ಎಲ್ಲಾ ಪೋಸ್ಟೂ ವೇಕೆಂಟ್ ಎಂದು ತಮ್ಮ ಹೇಳಿ ಅವಳ ಕೈಯಿಂದ ಏಟು ತಿಂದ. ಮೇಷ್ಟ್ರಿಗೆ ಇದನ್ನು ಹೇಳಿದರೆ, ಪದ ಸರಿಯಾಗಿಯೇ ಬಳಸಿದ್ದಾನೆ, ಏಟು ಮಾತ್ರ ಜಾಸ್ತಿಯಾಯಿತು ಎಂದರು.

ಬೋರ್ಡಿನ ಮೇಲೆ ಅವರ ನಿಜವಾದ ಹೆಸರು ಬರೆಸಬೇಕು ಎಂದು ಹೆಡ್ ಟೀಚರ್ ಆಗಾಗ ಹೇಳುತ್ತಿದ್ದರು. ಪೇಂಟರು ಅಂಚೆಟ್ಟಿಯಿಂದ ಬರಬೇಕು, ಬರೆದರಾಯಿತು ಬಿಡಿ ಎಂದು ಮೇಷ್ಟ್ರೇ ಮುಂದೂಡುತ್ತಿದ್ದರು. ಹೀಗಿರುವಾಗ ಒಂದು ದಿನ ಹೇಳದೆ ಕೇಳದೆ ಜೀಪಿನಲ್ಲಿ ಶಿಕ್ಷಣ ಇಲಾಖೆಯ ಆಫೀಸರ್ ಬಂದಿಳಿದರು. ಗಡ್ಡ ಬಿಟ್ಟಿದ್ದ, ಗಂಭೀರ ಮುಖದ ಮನುಷ್ಯ. ಹೆಡ್ ಟೀಚರ್ ಇನ್ನೂ ಹೊರಗೆ ಬರುವ ಮೊದಲೇ ನಮ್ಮ ಕ್ಲಾಸಿಗೆ ನುಗ್ಗಿ, ನಿಮ್ಮ ಕನ್ನಡದ ಉಪಾಧ್ಯಾಯರು ಯಾರು ಎಂದು ತಮಿಳಿನಲ್ಲಿ ಮಾದೇವಿಯನ್ನು ಕೇಳಿದರು.

ಅವಳು ಎದ್ದು ನಿಂತು, ನಾವು ಕಲಿತಿದ್ದ ಸರಿಯಾದ ಉಚ್ಚಾರಣೆಯಲ್ಲೇ, “ವೇಕೆಂಟ್, ಸಾರ್” ಎಂದಳು.

ಆಫೀಸರ್ ಕೋಣೆಗೆ ಹೋಗಿ ಬೋರ್ಡ್ ನೋಡಿ ಬಂದರು. ಅಲ್ಲೂ ಅದೇ ಇತ್ತು. ಹಾಗಾದರೆ ಸೀಮೆಸುಣ್ಣ ಹಿಡಿದು ನಿಂತಿರುವ ಈ ಮನುಷ್ಯ ಯಾರು? ಇಲ್ಲದ ಪೋಸ್ಟಿನಲ್ಲಿ ಯಾರೋ ಬಂದು ಸೇರಿಕೊಂಡಿದ್ದಾರೆ ಎಂದು ಅವರ ಮುಖ ಬಿಗಿಯಾಯಿತು. ನೀನು ಯಾರಯ್ಯಾ ಎಂದು ಗಟ್ಟಿಯಾಗಿ ಕೇಳಿದರು. ಮೇಷ್ಟ್ರು ನಾನೇ ಎನ್ನಲು ಹೋಗಿ, ಹೆದರಿಕೆಯಲ್ಲಿ ತಮಿಳೂ ಇಂಗ್ಲಿಷೂ ಕೂಡಿಸಿಕೊಂಡು, “ನಾನ್‌ತಾನ್ ಸಾರ್, ವೇಕೆಂಟ್” ಎಂದುಬಿಟ್ಟರು.

ಆಮೇಲೆ ಹೆಡ್ ಟೀಚರ್ ಓಡಿಬಂದು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ವಿವರಿಸಬೇಕಾಯಿತು. ಕೇಳುತ್ತಾ ಕೇಳುತ್ತಾ ಆಫೀಸರ ಗಡ್ಡ ಅಲುಗಾಡತೊಡಗಿತು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮಾದೇವಿಯ ಬೆನ್ನು ತಟ್ಟಿದರು. ಹೋಗುವಾಗ ಮಾತ್ರ ಹೆಸರನ್ನು ಕೂಡಲೇ ಬರೆಸಬೇಕು ಎಂದು ಹೇಳಿ ಹೋದರು.

ಪೇಂಟರು ಬಂದು ಹಳೆಯ ಅಕ್ಷರಗಳನ್ನು ಕೆರೆಯುತ್ತಿದ್ದಾಗ ನಾವೆಲ್ಲ ಬಾಗಿಲಲ್ಲಿ ನಿಂತಿದ್ದೆವು. ಮೇಷ್ಟ್ರೂ ನಿಂತಿದ್ದರು. ಆವತ್ತು ಅವರು ಸ್ವಲ್ಪ ಮೆತ್ತಗಿದ್ದರು. ನಮಗೆ ಹೇಳುತ್ತಿದ್ದರೋ ತಮಗೇ ಹೇಳಿಕೊಳ್ಳುತ್ತಿದ್ದರೋ...

“ಓದಿ ಮುಗ್ಸಿ ಎಷ್ಟೋ ವರ್ಸ ಈ ಪದನೇ ಹುಡಿಕ್ಕಂಡು ತಿರುಗ್ದೆ ಕಣ್ರಮ್ಮಾ. ಎಲ್ಲಾನ ವೇಕೆಂಟ್ ಐತೆ ಅಂದ್ರೆ ಸಾಕು, ಬಸ್ಸತ್ತಿ ಹೋಗ್ಬುಡ್ತಿದ್ದೆ. ನಾನು ಹೋಗೋ ಹೊತ್ಗೆ ಇನ್ಯಾರೋ ಕೂತ್ಬುಟ್ಟಿರೋರು. ತಲೆ ನರೆತು ಹೋಯ್ತು. ಇಲ್ ನೋಡುದ್ರೆ ನೀವು ಹೆಸ್ರು ಇಟ್ಕಂಡು ಕಾಯ್ತಾ ಇದ್ರಿ.”

ಅಲ್ಲಿಯವರೆಗೂ ಕಾಯುತ್ತಿದ್ದವರು ನಾವು ಮಾತ್ರ ಎಂದು ನಾನು ತಿಳಿದಿದ್ದೆ. ಗುಡ್ಡದ ಆ ಕಡೆ ಅವರೂ ಕಾಯುತ್ತಿದ್ದರು ಎಂಬುದು ಆವತ್ತು ಮೊದಲ ಸಲ ಹೊಳೆಯಿತು. ಹೊಸ ಹೆಸರು ಬಿಳಿ ಬಣ್ಣದಲ್ಲಿ ಚೆನ್ನಾಗಿಯೇ ಬಂತು. ಅದನ್ನು ಎಲ್ಲರೂ ಓದಿದೆವು, ಆಮೇಲೆ ಎಲ್ಲರೂ ಮರೆತೆವು.

ಎಂಟನೇ ಕ್ಲಾಸು ಮುಗಿದರೆ ನಮ್ಮೂರಿನ ಹೆಣ್ಣುಮಕ್ಕಳ ಓದು ಮುಗಿದಂತೆ. ಮುಂದಿನ ಶಾಲೆಗೆ ಕಾಡಿನ ದಾರಿಯಲ್ಲಿ ನಡೆಯಬೇಕು, ಇಲ್ಲ ಇಲ್ಲದ ಬಸ್ಸಿಗೆ ಕಾಯಬೇಕು. ಅಪ್ಪ ಕೆಟ್ಟವರಲ್ಲ. ನಾನು ಓದುವುದು ಕೇಳಿಸಿಕೊಳ್ಳಲು ಅವರಿಗೆ ಬಹಳ ಇಷ್ಟ. ಬೀಡಿ ಆರಿಸಿ ಪಕ್ಕ ಕೂರುತ್ತಿದ್ದರು. ಆದರೆ ಅವ್ವ ದಿನವೆಲ್ಲ ಹೊಲದಲ್ಲಿ, ಅಜ್ಜಿಯ ಕಣ್ಣು ಮಂಜಾಗುತ್ತಿತ್ತು, ತಮ್ಮ ಚಿಕ್ಕವನು. ಆಡು ನೋಡಿಕೊಳ್ಳುವವಳು ನಾನೇ. ಓದಿದ್ದು ಸಾಕು ಕಣಮ್ಮ ಎಂದು ಅಪ್ಪ ಒಂದು ಸಂಜೆ ಮೆಲ್ಲಗೆ ಹೇಳಿದರು. ನಾನು ಅಳಲಿಲ್ಲ. ಅತ್ತರೆ ಅವರಿಗೆ ಕಷ್ಟವಾಗುತ್ತದೆ ಎಂದು ಗೊತ್ತಿತ್ತು. ಕೋಲು ತೆಗೆದುಕೊಂಡು ಆಡಿನ ಹಿಂದೆ ಹೊರಟೆ. ಹೀಗೇ ಬೇಸಿಗೆ ರಜೆ ಕಳೆಯಿತು.

ಆ ಜೂನ್ ತಿಂಗಳಲ್ಲಿ ಮೇಷ್ಟ್ರು ಏನೋ ಕೆಲಸಕ್ಕೆ ಹೊಸೂರಿಗೆ ಹೋಗಿದ್ದರು. ಸಂಜೆಯ ಬಸ್ಸಿನಿಂದ ಇಳಿದವರು ತಮ್ಮ ಕೋಣೆಗೂ ಹೋಗದೆ, ಮುಖವನ್ನೂ ತೊಳೆಯದೆ ನೇರ ನಮ್ಮ ಮನೆಗೆ ಬಂದರು. ಹೊಸೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಯಾವುದೋ ಹುಡುಗಿ ಬರಲಿಲ್ಲವಂತೆ, ಒಂದು ಜಾಗ ಉಳಿದಿದೆ, ಊಟ ವಸತಿ ಎಲ್ಲ ಅವರದೇ, ಪಕ್ಕದಲ್ಲೇ ಕನ್ನಡದ ಹೈಸ್ಕೂಲು. ಇಷ್ಟನ್ನು ಏದುಸಿರಿನಲ್ಲಿ ಹೇಳಿ ನನ್ನ ಕಡೆ ತಿರುಗಿದರು.

“ವೇಕೆಂಟ್ ಐತೆ ಕಣಮ್ಮ” ಎಂದರು. ಅವರ ಮುಖ ಬೆಳಗುತ್ತಿತ್ತು.

ನಾನು ಅಪ್ಪನ ಮುಖ ನೋಡಿದೆ. ಅವರಿಗೆ ಇಲ್ಲ ಎನ್ನಲೂ ಮನಸ್ಸಿಲ್ಲ, ಹೂಂ ಎನ್ನಲೂ ದಾರಿಯಿಲ್ಲ. ಕೊನೆಗೆ ಮಾತನ್ನು ತಮಾಷೆಯಲ್ಲಿ ತೇಲಿಸಲು ನೋಡಿದರು.

“ಸೀಟೇನೋ ಐತೆ, ಸರಿ. ಇಲ್ಲಿ ಆಡು ಮೇಯ್ಸೋದು ಯಾರು ಮೇಷ್ಟ್ರೇ? ನೀವಾ?”

“ಹೂಂ” ಎಂದರು ಮೇಷ್ಟ್ರು.

ಅಪ್ಪ ನಕ್ಕರು. ಮೇಷ್ಟ್ರು ನಗಲಿಲ್ಲ.

“ಅವಳು ಹೋದ್ರೆ ಆಡಿನ ಪೋಸ್ಟು ವೇಕೆಂಟ್ ತಾನೇ? ನಾನು ಜಾಯಿನ್ ಆಯ್ತೀನಿ. ಶನಿವಾರ ಭಾನುವಾರ ಪೂರ್ತಿ. ಮಿಕ್ಕಿದ್ ದಿವ್ಸ ಸ್ಕೂಲ್ ಬಿಟ್ಟೇಟ್ಗೆ ಬತ್ತೀನಿ. ಬೆಳಗ್ಗೆ ಒತ್ನಾಗೆ ಮಾತ್ರ ನೀನು ನೋಡ್ಕೊ. ನಿನ್ ಮಗ ಒಸಿ ದೊಡ್ಡೋನಾಗೋ ಗಂಟ.”

ಮೇಷ್ಟ್ರು ಆಡು ಕಾಯುವುದೆಂದರೆ ಊರಿನವರು ತಮಗೆ ಉಗಿಯುತ್ತಾರೆ ಎಂದು ಅಪ್ಪ ಕೈ ಆಡಿಸಿದರು. ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಅಜ್ಜಿ ಕುಟ್ಟುವುದು ನಿಲ್ಲಿಸಿದಳು.

“ಒಪ್ಕಳ್ಳಾ ಸುಮ್ಕೆ. ಕಣ್ಣು ಪೂರ್ತಿ ಹೋಗಾಕ್ ಮುಂಚೆ ನಾನು ಇದೊಂದು ನೋಡ್ಬುಡ್ಬೇಕು” ಎಂದಳು.

ಅಪ್ಪ ಮೇಷ್ಟ್ರ ಮುಖ ನೋಡಿದರು, ಅಜ್ಜಿಯ ಮುಖ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಹೋಗಿ ಬಟ್ಟೆ ಜೋಡಿಸ್ಕೊ ಎಂದರು. ಎದ್ದು ಹಿತ್ತಲಿಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ.

ಮರುದಿನ ಬೆಳಗಿನ ಬಸ್ಸಿನಲ್ಲಿ ಅಪ್ಪ ನನ್ನನ್ನು ಹಾಸ್ಟೆಲಿಗೆ ಬಿಟ್ಟು ಬಂದರು. ಹೊಸೂರು ನನಗೆ ಹೊಸದು. ಲಾರಿ, ಕಾರ್ಖಾನೆಯ ಸೈರನ್, ಮೂರು ಭಾಷೆಗಳಲ್ಲಿ ಒಟ್ಟಿಗೇ ಜಗಳವಾಡುವ ಜನ. ಮೊದಮೊದಲು ಊರಿನ ನೆನಪಾಗಿ ಊಟ ಸೇರುತ್ತಿರಲಿಲ್ಲ. ಆದರೆ ಮೇಷ್ಟ್ರು ನನ್ನ ಕೋಲು ಹಿಡಿದು ಗುಡ್ಡ ಹತ್ತುತ್ತಿರುತ್ತಾರೆ ಎಂದು ನೆನೆದರೆ ಸಾಕು, ನಗು ಬಂದು ಅನ್ನ ಇಳಿಯುತ್ತಿತ್ತು. ಓದಲೇಬೇಕು ಎನ್ನಿಸುತ್ತಿತ್ತು.

ಪೊಂಗಲ್ ರಜೆಗೆ ಹೋದಾಗ ಕಣ್ಣಾರೆ ನೋಡಿದೆ. ತಲೆಗೆ ಟವಲ್ಲು, ಅದರ ಮೇಲೆ ಕೊಡೆ, ಪ್ಯಾಂಟನ್ನು ಮಂಡಿಯವರೆಗೆ ಮಡಚಿಕೊಂಡು ಮೇಷ್ಟ್ರು ಬಂಡೆಯ ಮೇಲೆ ಕುಳಿತಿದ್ದರು. ಸುತ್ತ ಆಡುಗಳು. ಆಡುಗಳ ನಡುವೆ ಊರಿನ ಅರ್ಧ ಮಕ್ಕಳು. ಮೇಷ್ಟ್ರು ಗುಡ್ಡಕ್ಕೆ ಹೋಗುತ್ತಾರೆಂದು ಮಕ್ಕಳೂ ತಮ್ಮ ತಮ್ಮ ಆಡು ಹೊಡೆದುಕೊಂಡು ಹಿಂದೆಯೇ ಹೋಗಲು ಶುರುಮಾಡಿದ್ದರಂತೆ. ಹಾಗಾಗಿ ಭಾನುವಾರವೂ ಶಾಲೆ. ಮಗ್ಗಿ ಹೇಳುತ್ತಾ ಮಧ್ಯೆ ಒಂದು ಆಡು ಹೊಲದ ಕಡೆ ತಿರುಗಿದರೆ ಮಗ್ಗಿ ಹೇಳುತ್ತಿದ್ದವನೇ ಓಡಿ ತಿರುಗಿಸಿಕೊಂಡು ಬರಬೇಕು. ಮೇಷ್ಟ್ರು ಪ್ರತಿ ಆಡಿಗೂ ಹೆಸರಿಟ್ಟು ಹಾಜರಿ ಕೂಗುತ್ತಿದ್ದರು. ಗಡ್ಡದ ಹೋತಕ್ಕೆ ‘ಆಫೀಸರ್’ ಎಂದು ಹೆಸರು. ಆಫೀಸರ್ ಒಂದು ಸಲ ಕ್ಲಾಸಿನ ಉತ್ತರಪತ್ರಿಕೆಗಳನ್ನು ತಿಂದುಹಾಕಿದ್ದರಿಂದ ಎಲ್ಲರನ್ನೂ ಪಾಸು ಮಾಡಬೇಕಾಯಿತು ಎಂದು ಮಾದೇವಿ ಹೇಳಿದಳು. ಅಜ್ಜಿ ದಿನಾ ಸಂಜೆ ಜಗಲಿಯ ಮೇಲೆ ಕುಳಿತು, ಹಿಂಡಿನ ಹಿಂದೆ ದೂಳಿನಲ್ಲಿ ಕೊಡೆಯೊಂದು ಬರುವುದನ್ನು ನೋಡಿ ಬೊಚ್ಚುಬಾಯಲ್ಲಿ ನಗುತ್ತಿದ್ದಳಂತೆ. ಉಳಿದದ್ದೇನೂ ಸರಿಯಾಗಿ ಕಾಣದಿದ್ದರೂ ಅದೊಂದು ಮಾತ್ರ ಚೆನ್ನಾಗಿ ಕಾಣುತ್ತದೆ ಎನ್ನುತ್ತಿದ್ದಳಂತೆ.

ನನ್ನ ತಮ್ಮ ಕೋಲು ಹಿಡಿಯುವಷ್ಟು ದೊಡ್ಡವನಾದ ಮೇಲೂ ಮೇಷ್ಟ್ರು ಆ ಕೆಲಸ ಪೂರ್ತಿ ಬಿಡಲಿಲ್ಲ. ನಾನು ಹತ್ತನೆಯದು ಮುಗಿಸಿದೆ, ಹನ್ನೆರಡು ಮುಗಿಸಿದೆ, ಡಿಪ್ಲೊಮಾ ಮಾಡಿದೆ. ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಸಿಕ್ಕಿತು. ಸುದ್ದಿ ಹೇಳಲು ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ, ಕೂರುವ ಕೆಲಸವೋ ನಿಲ್ಲುವ ಕೆಲಸವೋ ಎಂದು. ಕೂರುವುದು ಸಾರ್ ಎಂದೆ. ಹಾಗಾದರೆ ಗಟ್ಟಿಯಾಗಿ ಕೂತ್ಕೊ, ಯಾರೂ ಎಬ್ಬಿಸದ ಹಾಗೆ ಎಂದರು.

ಅವರು ರಿಟೈರ್ ಆದಾಗ ಊರಿನವರು ಶಾಲು, ಹಾರ ಹಾಕಿದರು. ಅಪ್ಪ ಒಂದು ಆಡಿನ ಮರಿ ಕೊಟ್ಟರು, ಆಫೀಸರ್ ವಂಶದ್ದು. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೇಷ್ಟ್ರು ಬೆಳಗಿನ ಬಸ್ಸು ಹತ್ತಿದರು. ಕಂಡಕ್ಟರ್ ಮರಿಗೂ ಟಿಕೆಟ್ ಎಂದನಂತೆ. ಸೀಟು ವೇಕೆಂಟ್ ಇದ್ದರೆ ಕೊಡು, ಇವನೂ ಕೂರುತ್ತಾನೆ ಎಂದರಂತೆ ಇವರು. ಬಾಗಲೂರು ಸೇರಿದ ಮೇಲೆ ವಾರಕ್ಕೊಮ್ಮೆ ಅಪ್ಪನಿಗೆ ಫೋನ್ ಬರುತ್ತಿತ್ತು. ಮರಿ ಕೆಮ್ಮುತ್ತಿದೆ, ಏನು ಕೊಡಲಿ? ಮರಿ ಮಲ್ಲಿಗೆ ಗಿಡ ತಿಂದುಬಿಟ್ಟಿತು, ಹೆಂಡತಿಗೆ ಏನು ಹೇಳಲಿ? ಅಪ್ಪ ಗಂಭೀರವಾಗಿ ಒಂದೊಂದಕ್ಕೂ ಉತ್ತರ ಹೇಳುತ್ತಿದ್ದರು.

ಈ ಸಲ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಫೋನ್ ಮಾಡಿದ್ದು ಅವರ ಮಗಳು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ...

ಅಪ್ಪನೂ ನಾನೂ ಬಾಗಲೂರಿಗೆ ಹೋದೆವು. ಮೇಷ್ಟ್ರ ಹೆಂಡತಿ ನಮ್ಮನ್ನು ನೋಡಿದ್ದೇ, ಆಡಿನೋರು ಬಂದ್ರು ಎಂದು ಮಗಳನ್ನು ಕೂಗಿದರು. ಕಾಫಿ ಕೊಟ್ಟರು. ಮನೆಯಲ್ಲಿ ಮೇಷ್ಟ್ರ ಮಾತೆಲ್ಲ ನಮ್ಮೂರಿನದೇ ಆಗಿತ್ತಂತೆ. ಹಿತ್ತಲಲ್ಲಿ ಆ ಮರಿಯ ಮಕ್ಕಳು ಮೊಮ್ಮಕ್ಕಳು ತುಂಬಿಕೊಂಡಿದ್ದವು. ಅಪ್ಪ ಅವುಗಳ ನಡುವೆ ಹೋಗಿ ನಿಂತು, ಒಂದೊಂದರ ಬಾಯಿ ತೆರೆದು ಹಲ್ಲು ನೋಡಿ, ಗೊರಸು ನೋಡಿ, ಚೆನ್ನಾಗಿ ಸಾಕಿದ್ದಾರೆ ಎಂದು ಮಾತ್ರ ಹೇಳಿದರು.

ಇಬ್ಬರೂ ವಾಪಸ್ಸು ಬಸ್ಸು ಹತ್ತಿದೆವು. ಹೊಸೂರು ಹತ್ತಿರವಾಗುವಾಗ ಅಪ್ಪ ಇದ್ದಕ್ಕಿದ್ದಂತೆ ಬಾಯಿ ತೆರೆದರು. ಇಷ್ಟು ವರ್ಷ ನನಗೆ ಹೇಳದೆ ಇಟ್ಟುಕೊಂಡಿದ್ದ ಮಾತು. ನಾನು ಹಾಸ್ಟೆಲಿಗೆ ಹೋದ ಮೊದಲ ಭಾನುವಾರವೇ ಮೇಷ್ಟ್ರು ಇಡೀ ಹಿಂಡನ್ನು ಕಳೆದುಬಿಟ್ಟಿದ್ದರಂತೆ. ಮರದ ಕೆಳಗೆ ಪೇಪರ್ ಓದುತ್ತಾ ನಿದ್ದೆ ಹೋಗಿ, ಎದ್ದು ನೋಡಿದರೆ ಒಂದು ಆಡೂ ಇಲ್ಲ. ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಅಪ್ಪನ ಹತ್ತಿರ ಓಡಿಬಂದರಂತೆ. ಇಬ್ಬರೂ ಕೂಗುತ್ತಾ ಕಾಡಿನ ಅಂಚೆಲ್ಲ ಅಲೆದರಂತೆ. ಆನೆಗೆ ಅಷ್ಟು ಹೆದರುವ ಮನುಷ್ಯ ಆವತ್ತು ಆನೆಯ ಮಾತೇ ಎತ್ತಲಿಲ್ಲವಂತೆ. ಹೊತ್ತು ಮುಳುಗುವಾಗ ಸೋತು ಮನೆಗೆ ಬಂದರೆ, ಎಲ್ಲಾ ಆಡೂ ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುತ್ತಿವೆ. ಮಧ್ಯಾಹ್ನವೇ ತಾವಾಗಿ ಬಂದಿದ್ದವಂತೆ. ಅಜ್ಜಿ ಜಗಲಿಯ ಮೇಲೆ ಕುಳಿತು, ಎಲ್ಲಿಗೆ ಹೋಗಿದ್ರಿ ಇಬ್ರೂ ಎಂದಳಂತೆ.

“ನಿಂಗೆ ಗೊತ್ತಾದ್ರೆ ಓದು ಬುಟ್ಟು ಬಂದ್ಬುಡ್ತೀಯ ಅಂತ ನಂಗೂ ನಿಮ್ಮಜ್ಜಿಗೂ ಕೈ ಮುಗುದ್ಬುಟ್ರು ಕಣಮ್ಮ ಮೇಷ್ಟ್ರು. ಯಾರೂ ಉಸುರ್‌ಬಾರ್ದು ಅಂತ” ಎಂದರು ಅಪ್ಪ. ಹೇಳುತ್ತಾ ಹೇಳುತ್ತಾ ಅವರಿಗೆ ನಗು ತಡೆಯಲಾಗಲಿಲ್ಲ. ನನಗೂ ಆಗಲಿಲ್ಲ. ಸಾವಿನ ಮನೆಯಿಂದ ಬರುತ್ತಿರುವ ಇಬ್ಬರು, ಕಣ್ಣಲ್ಲಿ ನೀರು ಸುರಿಯುವಂತೆ ಬಸ್ಸಿನಲ್ಲಿ ನಕ್ಕೆವು. ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡಿದರು. ಇದನ್ನು ಹೇಳಿ ಮೇಷ್ಟ್ರನ್ನು ಚೆನ್ನಾಗಿ ರೇಗಿಸಬೇಕು ಎನ್ನಿಸಿ ನಾನು ಬ್ಯಾಗಿನಿಂದ ಫೋನ್ ತೆಗೆದೂ ಆಗಿತ್ತು...

ಈಗ ಭಾನುವಾರಗಳಲ್ಲಿ ಅಪ್ಪನಿಗೆ ನಾನೇ ಫೋನ್ ಮಾಡುತ್ತೇನೆ. ಪ್ರತಿ ಸಲವೂ ಅವರು ಮೇಷ್ಟ್ರದ್ದು ನನಗೆ ಗೊತ್ತಿಲ್ಲದ ಒಂದು ಕತೆ ಹೇಳುತ್ತಾರೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ನಕ್ಕು ಮುಗಿದ ಮೇಲೆ ಒಂದಿಷ್ಟು ಹೊತ್ತು ಅವರೂ ಮಾತಾಡುವುದಿಲ್ಲ, ನಾನೂ ಮಾತಾಡುವುದಿಲ್ಲ. ಫೋನ್ ಮಾತ್ರ ಇಬ್ಬರೂ ಇಡುವುದಿಲ್ಲ.